ಶಿರಸಿಯಲ್ಲಿ ‘ಸೈಕೋ’ ಸಂಗೀತ: ಬರೀ ತಂತಿವಾದ್ಯಗಳೊಂದಿಗೆ ನನ್ನ ಅನುಭವ

ಶಿರಸಿಯಲ್ಲಿ ಹಿಂದೂಸ್ತಾನಿ ವಯಲಿನ್ ಕಲಿಸುವ ನಾನು, ನನ್ನ ಕೆಲವು ಶಿಷ್ಯರನ್ನೂ ಕಾರವಾರದ ಚರ್ಚುಗಳಲ್ಲಿ ವಯಲಿನ್ ಮತ್ತು ಚೆಲ್ಲೊ (ವಯಲಿನ್ ಕುಟುಂಬದ ದೊಡ್ಡ, ತಗ್ಗು ದನಿಯ ವಾದ್ಯ) ನುಡಿಸುವ ಗೆಳೆಯರನ್ನೂ ಸೇರಿಸಿಕೊಂಡು, ಆಲ್‌ಫ್ರೆಡ್ ಹಿಚ್‌ಕಾಕ್ ಅವರ ‘ಸೈಕೋ’ ಎಂಬ ಭಯಾನಕ ಚಿತ್ರಕ್ಕೆ ಬರ್ನಾರ್ಡ್ ಹರ್ಮನ್ 1960ರಲ್ಲಿ ರಚಿಸಿದ ಸಂಗೀತದ ಕೆಲವು ಭಾಗಗಳನ್ನು ನುಡಿಸಲು ತೊಡಗಿದೆ. ಮೂಲ ಸ್ವರಲಿಪಿ ಎರಡು ಗುಂಪಿನ ವಯಲಿನ್‌ಗಳಿಗೆ 14 ಮತ್ತು 12, ವಯಲಿನ್‌ಗಿಂತ ತುಸು ದೊಡ್ಡದಾದ ವಯೋಲಾಗೆ 10, ಚೆಲ್ಲೊಗೆ 8, ಎಲ್ಲಕ್ಕಿಂತ ತಗ್ಗು ದನಿಯ ಡಬಲ್ ಬೇಸ್‌ಗೆ 6, ಹೀಗೆ ಒಟ್ಟು 50 ವಾದಕರನ್ನು ಕೇಳುತ್ತದೆ. ನಮ್ಮಲ್ಲಿದ್ದವರು ಒಂದು ಜಗುಲಿಯಲ್ಲಿ ಹಿಡಿಸುವಷ್ಟು ಜನ. ಡಬಲ್ ಬೇಸ್ ಇಲ್ಲದ್ದರಿಂದ ಅದರ ಸ್ವರಗಳನ್ನು ಚೆಲ್ಲೊಗೆ ಹಂಚಿದೆವು. ಒಂದು ವಯಲಿನ್‌ಗೆ ವಯೋಲಾದ ತಂತಿ ಕಟ್ಟಿ ನಡುವಿನ ಸ್ಥಾಯಿಯನ್ನು ತುಂಬಿಸಿಕೊಂಡೆವು. ಹಕ್ಕುಸ್ವಾಮ್ಯ ಇನ್ನೂ ಮುಗಿದಿಲ್ಲವಾದ್ದರಿಂದ ಇದು ಮನೆಯ ಬೈಠಕ್ಕಿಗೆ ಮಾತ್ರ ಸೀಮಿತವಾಗಿತ್ತು.

ಗಾಳಿವಾದ್ಯವಾಗಲಿ ತಾಳವಾದ್ಯವಾಗಲಿ ಇಲ್ಲದೆ ಇಡೀ ಚಿತ್ರವನ್ನು ತಂತಿಗಳ ಮೇಲೆಯೇ ನಡೆಸುವ ನಿರ್ಧಾರಕ್ಕೆ ಸಣ್ಣ ಬಜೆಟ್ ಒಂದು ಕಾರಣವೆನ್ನುತ್ತಾರೆ. ಕಪ್ಪು-ಬಿಳುಪು ಚಿತ್ರಕ್ಕೆ ಕಪ್ಪು-ಬಿಳುಪಿನದೇ ನಾದ ಬೇಕೆಂದು ಹರ್ಮನ್ ಬಯಸಿದ್ದರು. ಸ್ನಾನಗೃಹದ ಕೊಲೆಯ ದೃಶ್ಯಕ್ಕೆ ಸಂಗೀತವೇ ಬೇಡವೆಂದಿದ್ದ ಹಿಚ್‌ಕಾಕ್, ಹರ್ಮನ್ ಬರೆದದ್ದನ್ನು ಕೇಳಿದ ಮೇಲೆ ಮನಸ್ಸು ಬದಲಿಸಿದರು. ಈ ಕಥೆ ಎಲ್ಲರಿಗೂ ಗೊತ್ತು. ಸ್ವರಲಿಪಿಯನ್ನು ಕೈಗೆತ್ತಿಕೊಂಡವರಿಗೆ ಮಾತ್ರ ಎದ್ದು ಕಾಣುವ ಸಂಗತಿ ಬೇರೆ: ಕೊಲೆಯ ಭಾಗವನ್ನುಳಿದು ಮಿಕ್ಕೆಲ್ಲವನ್ನೂ ತಂತಿಗಳಿಗೆ ನಾದವನ್ನು ತಗ್ಗಿಸುವ ಮ್ಯೂಟ್ ಹಾಕಿಯೇ ನುಡಿಸಬೇಕೆಂಬ ಸೂಚನೆ ಅದರಲ್ಲಿದೆ.

ನಮ್ಮ ತಾಲೀಮಿನ ಹೆಚ್ಚಿನ ಹೊತ್ತು ಹೋದದ್ದು ಈ ಒಂದು ಸೂಚನೆಗೇ. ಮ್ಯೂಟ್ ಎಂದರೆ ಕುದುರೆಯ, ಅಂದರೆ ತಂತಿಗಳನ್ನು ಎತ್ತಿಹಿಡಿಯುವ ಮರದ ಪಟ್ಟಿಯ, ಮೇಲೆ ಕೂರಿಸುವ ರಬ್ಬರಿನ ತುಂಡು. ಇಲ್ಲದವರು ಬಟ್ಟೆಗೆ ಹಾಕುವ ಮರದ ಕ್ಲಿಪ್ಪನ್ನೇ ಸಿಕ್ಕಿಸಿಕೊಂಡರು, ಅದರಿಂದಲೂ ಕೆಲಸ ನಡೆಯುತ್ತದೆ. ಮ್ಯೂಟ್ ಹಾಕಿದ ಕೂಡಲೇ ಮೆಲ್ಲಗೆ ನುಡಿಸಬೇಕೆಂದು ಕೈ ತಾನೇ ತೀರ್ಮಾನಿಸಿಬಿಡುತ್ತದೆ. ಆದರೆ ಆರಂಭದ ಶೀರ್ಷಿಕೆ ಸಂಗೀತದಲ್ಲಿ ಹರ್ಮನ್ ಬಯಸುವುದು ಮ್ಯೂಟ್ ಹಾಕಿಯೂ ಜೋರಾದ, ತೀವ್ರ ಗತಿಯ, ಕಡಿದಂತೆ ಕೇಳುವ ಕಮಾನಿನ ಹೊಡೆತ. ನಾದ ಹೊರಬರಲು ಹವಣಿಸುತ್ತಿರುತ್ತದೆ, ಯಾರೋ ಅದರ ಬಾಯಿಗೆ ಕೈ ಒತ್ತಿ ಹಿಡಿದಿರುತ್ತಾರೆ. ಕಮಾನಿನ ತೂಕವನ್ನು ಇಳಿಸದೆ ಉದ್ದವನ್ನು ಮಾತ್ರ ಕಿರಿದಾಗಿಸಿದಾಗ ಈ ಗುಣ ಬಂತು.

ಶಿಷ್ಯರ ಕಿವಿಗೆ ಸ್ವರಗಳನ್ನು ಹತ್ತಿರ ಮಾಡಲು ರಾಗದ ದಾರಿ ಹಿಡಿದೆ. ಆ ಆರಂಭದಲ್ಲಿ ಮತ್ತೆ ಮತ್ತೆ ಬಡಿಯುವ ಸ್ವರಮೇಳವನ್ನು ನಮ್ಮ ಲೆಕ್ಕದಲ್ಲಿ ಷಡ್ಜ, ಕೋಮಲ ಗಾಂಧಾರ, ಪಂಚಮ, ಶುದ್ಧ ನಿಷಾದ ಎನ್ನಬಹುದು. ಕೀರವಾಣಿ ರಾಗ ಗೊತ್ತಿದ್ದವರಿಗೆ ಈ ನಾಲ್ಕೂ ಪರಿಚಿತವೇ. ರಾಗದಲ್ಲಿ ಒಂದಾದ ಮೇಲೊಂದು ಬರುವ ಇವು ಇಲ್ಲಿ ಒಟ್ಟಿಗೇ ಮೊಳಗುತ್ತವೆ, ನಿಷಾದವು ಷಡ್ಜಕ್ಕೆ ಸೇರದೆ ಅಲ್ಲೇ ತಡೆದು ನಿಲ್ಲುತ್ತದೆ. ಅದನ್ನು ಷಡ್ಜಕ್ಕೆ ಜಾರಿಸಬೇಕೆಂಬ ಮೀಂಡಿನ ಆಸೆಯನ್ನು ಅದುಮಿಡುವುದು ನಮ್ಮ ಪದ್ಧತಿಯಲ್ಲಿ ಕಲಿತವರಿಗೆ ಕಷ್ಟದ ಕೆಲಸ. ಕಾರವಾರದ ಗೆಳೆಯರಿಗೆ ಈ ತೊಂದರೆ ಇರಲಿಲ್ಲ. ಅವರಿಗೆ ನೆಲದ ಮೇಲೆ ಕುಳಿತು ನುಡಿಸುವುದೇ ತೊಂದರೆಯಾಗಿತ್ತು.

ಕೊಲೆಯ ಭಾಗದಲ್ಲಿ ಮ್ಯೂಟ್ ತೆಗೆದಾಗ ಬರುವ ವಯಲಿನ್‌ಗಳ ಕಿರುಚಾಟ, ತಾಂತ್ರಿಕವಾಗಿ ನೋಡಿದರೆ, ಅಷ್ಟೇನೂ ಕಷ್ಟದ್ದಲ್ಲ. ಮೇಲಿನ ಸ್ಥಾಯಿಯ ಒಂದು ಸ್ವರದ ಕೆಳಗೆ ಅದಕ್ಕೆ ಒಗ್ಗದ ಇನ್ನೊಂದು, ಅದರ ಕೆಳಗೆ ಮತ್ತೊಂದು, ಹೀಗೆ ವಾದ್ಯಗಳು ಒಂದೊಂದಾಗಿ ಸೇರಿಕೊಳ್ಳುತ್ತವೆ. ಕೆಲವು ಹೊಡೆತಗಳಿಗೆ ಬೆರಳು ಕೆಳಗಿನಿಂದ ಸರ್ರನೆ ಜಾರಿ ಸ್ವರವನ್ನು ಮುಟ್ಟುತ್ತದೆ. ಹೊಡೆತಗಳೆಲ್ಲ ಕಮಾನಿನ ಬುಡದಲ್ಲಿ ಒಂದೇ ದಿಕ್ಕಿಗೆ ಬಿದ್ದರೆ ಸಾಕು. ಮಳೆಗಾಲದ ತೇವಕ್ಕೆ ಕಮಾನಿನ ಕೂದಲು ಸಡಿಲಾಗಿ ರಾಳ ಹಿಡಿಯದೆ ಹೋದದ್ದರಿಂದ ಈ ಭಾಗವನ್ನು ಮಳೆ ಕಳೆಯುವವರೆಗೆ ಬದಿಗಿಟ್ಟೆವು, ಅಷ್ಟೇ. ಬಿಡಿಯಾಗಿ ನುಡಿಸಿದಾಗ ಅದು ಯಾರನ್ನೂ ಹೆದರಿಸಲಿಲ್ಲ, ಜಗುಲಿಯಲ್ಲಿದ್ದ ಮಕ್ಕಳಂತೂ ನಕ್ಕರು. ಮ್ಯೂಟ್ ಹಾಕಿದ ಭಾಗಗಳನ್ನೆಲ್ಲ ಮೊದಲು ನುಡಿಸಿ, ಕಿವಿ ಆ ಒತ್ತಿಹಿಡಿದ ನಾದಕ್ಕೆ ಹೊಂದಿಕೊಂಡ ಮೇಲೆ ಇಲ್ಲಿಗೆ ಬಂದಾಗ ಯಾರೂ ನಗಲಿಲ್ಲ.

ಈ ಸಂಗೀತ ಇಷ್ಟು ಕಾಲ ಬಾಳಿರುವುದಕ್ಕೆ ಕಿರುಚಾಟವನ್ನೇ ಕಾರಣವೆನ್ನುವವರನ್ನು ನಾನು ಒಪ್ಪದಿರುವುದು ಇದಕ್ಕಾಗಿಯೇ. ಆಸ್ಕರ್‌ಗೆ ನಾಮನಿರ್ದೇಶನವನ್ನೂ ಪಡೆಯದ ಈ ರಚನೆ, 2005ರಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಆರಿಸಿದ ಅತ್ಯುತ್ತಮ ಚಿತ್ರಸಂಗೀತಗಳ ಪಟ್ಟಿಯಲ್ಲಿ ನಾಲ್ಕನೆಯದಾಗಿತ್ತು. 2003ರ ‘ಫೈಂಡಿಂಗ್ ನೀಮೋ’ ಎಂಬ ಮಕ್ಕಳ ಚಿತ್ರ ಆ ಕೆಲವೇ ಹೊಡೆತಗಳನ್ನು ತಮಾಷೆಗೆ ಬಳಸಿಕೊಂಡಿತು. ತಮಾಷೆಗೆ ಅಷ್ಟು ಸಾಕು. ಆದರೆ 1998ರಲ್ಲಿ ಚಿತ್ರವನ್ನು ಮರುನಿರ್ಮಿಸಿದವರು ಹೊಸ ಸಂಗೀತ ಬರೆಸದೆ ಹರ್ಮನ್ ಅವರದನ್ನೇ ಮತ್ತೆ ಧ್ವನಿಮುದ್ರಿಸಿದರು. ಹರ್ಮನ್ ಸ್ವತಃ 1968ರಲ್ಲಿ ಲಂಡನ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದೊಂದಿಗೆ ಇದರ ಭಾಗಗಳನ್ನು ಕಛೇರಿಗೆ ಒಗ್ಗುವ ಒಂದೇ ಕೃತಿಯಾಗಿ ಹೆಣೆದು ಮುದ್ರಿಸಿದ್ದರು. ದೃಶ್ಯವಿಲ್ಲದೆಯೂ ಅದು ನಿಲ್ಲುತ್ತದೆ. ನುಡಿಸಬಯಸುವವರು ಆ ಕ್ರಮವನ್ನು ಅನುಸರಿಸಿದರೆ ಒಳ್ಳೆಯದು, ಮತ್ತು ಕೊಲೆಯ ಭಾಗ ಬರುವ ಮೊದಲು ಮ್ಯೂಟ್ ತೆಗೆಯುವ ಸದ್ದು ಕೇಳುಗರಿಗೆ ಮುಟ್ಟದಂತೆ ತಾಲೀಮು ಮಾಡಿಕೊಳ್ಳಬೇಕು. ಮರದ ಕ್ಲಿಪ್ ಆದರೆ ಇದು ಸುಲಭವಲ್ಲ.