ರೈಫಲ್ ತೋಟೆ ಮರುತುಂಬಲು ಹಿತ್ತಾಳೆ ಕೇಸ್ ಆರಿಸುವುದು ಹೇಗೆ?

ಅಮೆರಿಕದಲ್ಲಿ ಗುರಿಸ್ಪರ್ಧೆ ಮತ್ತು ಬೇಟೆಯ ಹವ್ಯಾಸವಿರುವ ಅನೇಕರು ಹಾರಿಸಿದ ತೋಟೆಯ ಖಾಲಿ ಕೇಸನ್ನು ಎಸೆಯುವುದಿಲ್ಲ. ಹೊಸ ಕೇಪು (ಮದ್ದಿಗೆ ಕಿಡಿ ಹೊತ್ತಿಸುವ ಬಿಲ್ಲೆ), ಮದ್ದು, ಗುಂಡು ಕೂಡಿಸಿ ಮತ್ತೆ ಬಳಸುತ್ತಾರೆ. ಭಾರತದಲ್ಲಿ ಪರವಾನಗಿಯಿಲ್ಲದೆ ತೋಟೆ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ. ಆದ್ದರಿಂದ ಮುಂದಿನ ಮಾತುಗಳು ಅಮೆರಿಕದಲ್ಲಿ ನೆಲೆಸಿ, ಅಲ್ಲಿನ ಕಾನೂನಿನೊಳಗೆ ಈ ಕೆಲಸಕ್ಕೆ ಕೈಹಾಕಿರುವ ಕನ್ನಡಿಗರಿಗೆ. ಉದಾಹರಣೆಗೆ 1952ರಲ್ಲಿ ಮಾರುಕಟ್ಟೆಗೆ ಬಂದ .308 ವಿಂಚೆಸ್ಟರ್ ತೋಟೆಯನ್ನೇ ಇಟ್ಟುಕೊಳ್ಳೋಣ.

ಮೊದಲ ಕೆಲಸ, ಮರುತುಂಬಲು ಬಾರದ್ದನ್ನು ಬೇರ್ಪಡಿಸುವುದು. ಮೇಲ್ಲೇಪವಿರುವ ಉಕ್ಕಿನ ಕೇಸ್‌ಗಳನ್ನು ಅಯಸ್ಕಾಂತ ಹಿಡಿದುಕೊಡುತ್ತದೆ. ಆಮೇಲೆ ಕೇಸಿನ ಬಾಯಿಯೊಳಗೆ ಟಾರ್ಚ್ ಬಿಟ್ಟು ನೋಡಿ: ತಳದ ನಡುವೆ ಒಂದೇ ರಂಧ್ರವಿದ್ದರೆ ಅದು ಬಾಕ್ಸರ್ ಮಾದರಿ, ಮರುತುಂಬಲು ಸುಲಭ, ಎರಡು ಸಣ್ಣ ರಂಧ್ರಗಳಿದ್ದರೆ ಬರ್ಡನ್ ಮಾದರಿ, ಹಳೆಯ ಕೇಪು ತೆಗೆಯುವುದೇ ರಗಳೆ. ತಮಾಷೆಯೆಂದರೆ, ಇಂಗ್ಲೆಂಡಿನವನಾದ ಬಾಕ್ಸರ್‌ನ ಕೇಪು ಅಮೆರಿಕದಲ್ಲಿ ನೆಲೆಯಾಯಿತು, ಅಮೆರಿಕದವನಾದ ಬರ್ಡನ್‌ನದು ಯುರೋಪಿನಲ್ಲಿ.

ಎರಡನೆಯದು, ಬುಡದ ಮೇಲಿನ ಮುದ್ರೆಯನ್ನು ಓದಿ ಒಂದೊಂದು ತಯಾರಕರದನ್ನು ಒಂದೊಂದು ಡಬ್ಬಿಗೆ ಹಾಕುವುದು. ಸೈನ್ಯದ 7.62 ನೇಟೊ ಕೇಸ್ ಹೊರಗಿನಿಂದ ಹೆಚ್ಚುಕಡಿಮೆ .308ರಂತೆಯೇ ಕಂಡರೂ ಸಾಮಾನ್ಯವಾಗಿ ಅದರ ಗೋಡೆ ದಪ್ಪ, ಒಳಗಿನ ಜಾಗ ಕಡಿಮೆ. ಅಷ್ಟೇ ಮದ್ದು ತುಂಬಿದರೂ ಒತ್ತಡ ಏರುತ್ತದೆ. ಅನುಮಾನವಿದ್ದರೆ ಹಾರಿಸಿದ ಕೇಸನ್ನು ಹಳೆಯ ಕೇಪು ತೆಗೆಯದೆ ತೂಗಿ, ಬಾಯಿಯ ಅಂಚಿನವರೆಗೆ ನೀರು ತುಂಬಿ ಮತ್ತೆ ತೂಗಿ. .308ರಲ್ಲಿ ಸುಮಾರು 56 ಗ್ರೇನ್ ನೀರು ಹಿಡಿಯುತ್ತದೆ. ಒಂದು ಗ್ರೇನ್ ಎಂದರೆ 64.8 ಮಿಲಿಗ್ರಾಂ. ನಿಮ್ಮ ಹತ್ತು ಕೇಸ್‌ಗಳ ಲೆಕ್ಕ ಒಂದಕ್ಕೊಂದು ಹತ್ತಿರವಿರಬೇಕು.

ಮೂರನೆಯದೇ ಮುಖ್ಯ: ಬಿರುಕು ಹುಡುಕುವುದು. ನಾಲ್ಕೈದು ಕೇಸ್‌ಗಳನ್ನು ಅಂಗೈಯಲ್ಲಿಟ್ಟು ಕುಲುಕಿದರೆ, ಒಡೆದ ಮಡಕೆ ಸದ್ದಿನಲ್ಲೇ ಸಿಕ್ಕಿಬೀಳುವಂತೆ ಕತ್ತು ಸೀಳಿದ ಕೇಸ್ ಕೂಡ ಸಿಕ್ಕಿಬೀಳುತ್ತದೆ. ಆದರೆ ಬುಡದ ಬಿರುಕಿಗೆ ಸದ್ದಿಲ್ಲ. ಪ್ರತಿ ಸಲ ಹಾರಿಸಿದಾಗಲೂ, ಮತ್ತೆ ಅಚ್ಚಿಗೆ ಹಾಕಿ ಅಳತೆಗೆ ತಂದಾಗಲೂ ಹಿತ್ತಾಳೆ ಮುಂದಕ್ಕೆ ಸರಿಯುತ್ತದೆ, ಗಟ್ಟಿಬುಡದ ಸ್ವಲ್ಪ ಮೇಲೆ ಗೋಡೆ ತೆಳುವಾಗುತ್ತದೆ. ಹೊರಗೆ ಅಲ್ಲಿ ಸುತ್ತಲೂ ಒಂದು ಬೆಳ್ಳನೆಯ ಗೆರೆ ಕಂಡರೆ ಎಚ್ಚರ. ಪೇಪರ್ ಕ್ಲಿಪ್ಪೊಂದನ್ನು ನೆಟ್ಟಗೆ ಮಾಡಿ, ತುದಿಯನ್ನು ಚೂಪುಗೊಳಿಸಿ ಕೊಂಚ ಬಾಗಿಸಿ, ಒಳಗೋಡೆಗೆ ಒತ್ತಿ ಬುಡದಿಂದ ಮೇಲಕ್ಕೆ ಎಳೆಯಿರಿ. ತುದಿ ಎಲ್ಲಾದರೂ ತಡೆದು ನಿಂತರೆ ಅಲ್ಲಿ ಕಾಲುವೆ ಬಿದ್ದಿದೆ ಎಂದರ್ಥ. ಈ ತೋಟೆಗೆ ಅನುಮತಿಸಿದ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 62,000 ಪೌಂಡ್. ಅಷ್ಟನ್ನು ತಡೆಯಬೇಕಾದ ಗೋಡೆಯ ವಿಷಯದಲ್ಲಿ ‘ಇದೊಂದು ಸಲ ನಡೆಯುತ್ತದೆ’ ಎನ್ನುವಂತಿಲ್ಲ. ಅಂಥ ಕೇಸಿನ ಬಾಯನ್ನು ಇಕ್ಕಳದಿಂದ ಜಜ್ಜಿಯೇ ಗುಜರಿ ಡಬ್ಬಿಗೆ ಹಾಕಿ, ಇಲ್ಲವಾದರೆ ಅದು ಒಳ್ಳೆಯವುಗಳ ಜೊತೆ ಮತ್ತೆ ಸೇರಿಕೊಳ್ಳುತ್ತದೆ.

ಹಳೆಯ ಕೇಸ್ ಕೊಳ್ಳುವಾಗ ಹೊಳಪಿಗೆ ಬೆಲೆ ಕಟ್ಟಬೇಡಿ. ಈ ಹಿತ್ತಾಳೆಯಲ್ಲಿ ಸುಮಾರು 70 ಪಾಲು ತಾಮ್ರ, 30 ಪಾಲು ಸತು. ಬುಡ ಗಟ್ಟಿಯಾಗಿಯೂ ಕತ್ತು ಮೆದುವಾಗಿಯೂ ಇರಬೇಕೆಂದು ತಯಾರಕರು ಕತ್ತನ್ನು ಕಾಯಿಸಿ ಹದಮಾಡುತ್ತಾರೆ. ಲಪುವಾ ಕಂಪನಿಯ ಹೊಸ ಕೇಸಿನ ಹೆಗಲ ಬಳಿ ಕಾಣುವ ನೀಲಿ ಕಂದು ಬಣ್ಣ ಆ ಹದದ ಗುರುತೇ ಹೊರತು ದೋಷವಲ್ಲ. ಉಜ್ಜಿ ಹೊಳಪೇರಿಸಿದರೆ ಆ ಬಣ್ಣವೂ ಹೋಗುತ್ತದೆ, ಬುಡದ ಎಚ್ಚರಿಕೆಯ ಗೆರೆಯೂ ಮಾಸಬಹುದು. ಅಮೋನಿಯಾ ಬೆರೆತ ಪಾಲಿಶ್ ಅಂತೂ ಮುಟ್ಟಬಾರದು. ಬ್ರಿಟಿಷರ ಕಾಲದ ಭಾರತದಲ್ಲಿ ಮಳೆಗಾಲಕ್ಕೆಂದು ಕುದುರೆ ಲಾಯಗಳಲ್ಲಿ ಕೂಡಿಟ್ಟ ತೋಟೆಗಳು ತಾವಾಗಿಯೇ ಸೀಳುತ್ತಿದ್ದವು. ಕುದುರೆ ಮೂತ್ರದ ಅಮೋನಿಯಾವೂ ಲೋಹದೊಳಗೆ ಉಳಿದ ಬಿಗಿತವೂ ಸೇರಿ ಹೀಗಾಗುತ್ತದೆಂದು ವಿವರಣೆ ಸಿಕ್ಕಿದ್ದು 1921ರಲ್ಲಿ.

ಉಳಿದವು ಅಳತೆಯ ವಿಷಯ. ಕೇಸಿನ ಉದ್ದ 51.18 ಮಿ.ಮೀ. ಮೀರಿದ್ದರೆ ಕತ್ತರಿಸಿ ಸರಿಪಡಿಸಬೇಕು. ಹೊಸ ಕೇಪು ಕೂರುವಾಗ ಕೈಗೆ ಬಿಗಿ ತಿಳಿಯಬೇಕು; ಸಲೀಸಾಗಿ ಜಾರಿ ಕೂತರೆ ಬುಡ ಅಗಲವಾಗಿದೆ, ಕೇಸ್ ಮುಗಿಯಿತು.

ಹೊಸಬರಿಗೆ ನನ್ನ ಸಲಹೆ: ಶೂಟಿಂಗ್ ರೇಂಜಿನ ನೆಲದಿಂದ ಹೆಕ್ಕಿದ ಬಕೆಟ್‌ಗಿಂತ, ಒಂದೇ ಲಾಟಿನ ನೂರು ಹೊಸ ಕೇಸ್ ವಾಸಿ. ಲಪುವಾ ತುಟ್ಟಿಯೆನಿಸಿದರೆ ಸ್ಟಾರ್‌ಲೈನ್ ಕಂಪನಿಯದು ಸಾಕು. ಡಬ್ಬಿಯ ಮೇಲೆ ಲಾಟ್ ಸಂಖ್ಯೆ ಬರೆದು, ಹಾರಿಸಿದಾಗಲೆಲ್ಲ ಪಕ್ಕದಲ್ಲಿ ಒಂದು ಗೀಟು ಎಳೆಯಿರಿ.