ಬಿಸಿನೆಸ್ ಜೆಟ್‌ನ ಬಲಗಡೆ ಸೀಟಿಗೆ ನಾನು ಬಂದ ದಾರಿ

ಕಂಪನಿಗಳು, ಶ್ರೀಮಂತರು ಓಡಾಡುವ ಸಣ್ಣ ಜೆಟ್ ವಿಮಾನಕ್ಕೆ, ಅಂದರೆ ಬಿಸಿನೆಸ್ ಜೆಟ್‌ಗೆ, ಬಲಗಡೆ ಸೀಟಿನ ಕೋ-ಪೈಲಟ್ ಆಗಿ ಸೇರಿದ ಮೊದಲ ದಿನ ನಾನು ಮಾಡಿದ್ದು ಬ್ಯಾಗ್ ಎತ್ತುವ ಕೆಲಸ. ಒಂದೊಂದನ್ನೂ ತೂಕ ಮಾಡಿ, ಬರೆದುಕೊಂಡು, ಹಿಂದಿನ ಲಗೇಜ್ ಖಾನೆಗೆ ಇಟ್ಟೆ. ಕ್ಯಾಪ್ಟನ್ ಪಕ್ಕದಲ್ಲೇ ನಿಂತಿದ್ದರು. "ಹಿಂದೆ ಭಾರ ಜಾಸ್ತಿ ಆದರೆ ಮೂಗು ನಮ್ಮ ಮಾತು ಕೇಳಲ್ಲ, ನೋಡಿ" ಅಂದರು. ದೊಡ್ಡ ಏರ್‌ಲೈನ್‌ಗಳಲ್ಲಿ ಇದಕ್ಕೆಲ್ಲ ಬೇರೆ ಜನ ಇರುತ್ತಾರೆ. ಇಲ್ಲಿ ಬಹಳ ಕಡೆ ಇಂಧನದ ಲೆಕ್ಕ, ಹವಾಮಾನ, ರನ್‌ವೇ ಉದ್ದ, ಪ್ರಯಾಣಿಕರ ಊಟ ಎಲ್ಲವೂ ಇಬ್ಬರು ಪೈಲಟ್‌ಗಳ ತಲೆ ಮೇಲೆ.

ಅರ್ಹತೆ ಏನು ಬೇಕು ಅಂತ ತುಂಬ ಜನ ಕೇಳುತ್ತಾರೆ. ಮೊದಲು ಕ್ಲಾಸ್ 1 ಮೆಡಿಕಲ್, ಅಂದರೆ ವೃತ್ತಿಪರ ಪೈಲಟ್‌ಗಳಿಗೆ ಬೇಕಾದ ಆರೋಗ್ಯ ಪರೀಕ್ಷೆ, ಮಾಡಿಸಿ. ಟ್ರೈನಿಂಗ್‌ಗೆ ಹಣ ಕಟ್ಟುವ ಮುಂಚೆಯೇ ಮಾಡಿಸಿ, ಆಮೇಲೆ ಅಲ್ಲ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಕಮರ್ಷಿಯಲ್ ಲೈಸೆನ್ಸ್‌ಗೆ 18 ವರ್ಷ ಆಗಿರಬೇಕು, 200 ಗಂಟೆ ಹಾರಿರಬೇಕು. ಮಾನ್ಯತೆ ಇರುವ ಕೋರ್ಸ್‌ನಲ್ಲಿ ಕಲಿತರೆ 150 ಸಾಕು. ಅದರ ಮೇಲೆ ಒಂದಕ್ಕಿಂತ ಹೆಚ್ಚು ಎಂಜಿನ್‌ನ ವಿಮಾನ ಹಾರಿಸಲು ಮಲ್ಟಿ ಎಂಜಿನ್ ರೇಟಿಂಗ್, ಹೊರಗೆ ಏನೂ ಕಾಣದಿದ್ದಾಗ ಉಪಕರಣ ನೋಡಿಯೇ ಹಾರಿಸಲು ಇನ್‌ಸ್ಟ್ರುಮೆಂಟ್ ರೇಟಿಂಗ್ ಬೇಕು. ಮುಂದೆ ಪೈಲಟ್‌ಗಳ ಅತಿ ಮೇಲಿನ ಲೈಸೆನ್ಸ್ ಆದ ಎಟಿಪಿಎಲ್‌ಗೆ 21 ವರ್ಷ, 1500 ಗಂಟೆ. ಜೆಟ್ ಹಾರಿಸಲು ಆಯಾ ಮಾಡೆಲ್‌ಗೆ ಪ್ರತ್ಯೇಕ ಅನುಮತಿ, ಅಂದರೆ ಟೈಪ್ ರೇಟಿಂಗ್, ಬೇಕೇ ಬೇಕು.

ನಾನು ಎಡವಿದ್ದು ಈ ಟೈಪ್ ರೇಟಿಂಗ್ ವಿಷಯದಲ್ಲೇ. ಲೈಸೆನ್ಸ್ ಕೈಗೆ ಬಂದ ತಕ್ಷಣ, ಕೆಲಸ ಸಿಗುವ ಮೊದಲೇ, ಸಾಲ ಮಾಡಿ ಒಂದು ಸಣ್ಣ ಜೆಟ್‌ನ ರೇಟಿಂಗ್ ಮಾಡಿಸಿಕೊಂಡೆ. ಎಂಟು ತಿಂಗಳು ಯಾರೂ ಕರೆಯಲಿಲ್ಲ. ಕರೆದಾಗ ಸಿಮ್ಯುಲೇಟರ್‌ನಲ್ಲಿ ಎಂಜಿನ್ ಫೇಲ್ ಕೊಟ್ಟರು. ಬಾಯಿಪಾಠ ಇರಬೇಕಾದ ಕ್ರಮವೇ ನೆನಪಾಗಲಿಲ್ಲ. ಅವರು ಬೇಡ ಅಂದಿದ್ದು ಸರಿಯಾಗಿಯೇ ಇತ್ತು. ಆಮೇಲೆ ಎರಡು ವರ್ಷ ಹೊಸಬರಿಗೆ ಹಾರಾಟ ಕಲಿಸಿದೆ. ಒಂದು ವರ್ಷ ಟರ್ಬೊಪ್ರಾಪ್ (ಟರ್ಬೈನ್ ಎಂಜಿನ್ ಪ್ರೊಪೆಲ್ಲರ್ ತಿರುಗಿಸುವ ವಿಮಾನ) ಹಾರಿಸಿದೆ. ನನ್ನನ್ನು ಪೈಲಟ್ ಮಾಡಿದ್ದು ಆ ಮೂರು ವರ್ಷ. ಕಲಿಯುವವರ ತಪ್ಪು ಶುರುವಾಗುವ ಮೊದಲೇ ಗುರುತಿಸೋದು ಅಭ್ಯಾಸ ಆಯಿತು. ಅದಕ್ಕೇ ಹೇಳ್ತೀನಿ, ಕೆಲಸ ಗ್ಯಾರಂಟಿ ಇಲ್ಲದೆ ರೇಟಿಂಗ್‌ಗೆ ದುಡ್ಡು ಸುರಿಯಬೇಡಿ.

ಇನ್ನು ಯಾವುದಕ್ಕೆ ಜಾಸ್ತಿ ಗಮನ ಕೊಡಬೇಕು? ಯಾರೂ ನೋಡದಿದ್ದಾಗಲೂ ಮಾಡುವ ಸಣ್ಣ ಕೆಲಸಗಳಿಗೆ. ಇಂಥ ಜೆಟ್‌ಗಳಲ್ಲಿ ಹಲವು 45,000 ಅಡಿಗೆ ಏರುತ್ತವೆ. ಅಲ್ಲಿ ಕ್ಯಾಬಿನ್ ಒತ್ತಡ ಹೋದರೆ ಬುದ್ಧಿ ನೆಟ್ಟಗಿರೋದು 9ರಿಂದ 15 ಸೆಕೆಂಡ್ ಮಾತ್ರ. ಅದಕ್ಕೇ ನಾನು ಆಕ್ಸಿಜನ್ ಮಾಸ್ಕ್ ಅನ್ನು ಪ್ರತಿದಿನ ಒಂದೇ ಕೈಯಲ್ಲಿ ಎಳೆದು ಹಾಕಿ ನೋಡುತ್ತೇನೆ. ಕೆಂಪು ಗುಂಡಿಗಳನ್ನು ಒತ್ತಿದರೆ ಪಟ್ಟಿ ಉಬ್ಬುತ್ತದೆ, ಬಿಟ್ಟರೆ ತಲೆಗೆ ಬಿಗಿಯುತ್ತದೆ.

2014ರಲ್ಲಿ ಅಮೆರಿಕದ ಬೆಡ್‌ಫರ್ಡ್‌ನಲ್ಲಿ ಒಂದು ಗಲ್ಫ್‌ಸ್ಟ್ರೀಮ್ ಜೆಟ್ ಟೇಕಾಫ್ ಆಗಲಾರದೆ ರನ್‌ವೇ ದಾಟಿ ಹೋಗಿ ಏಳು ಜನ ಸತ್ತರು. ನಿಂತಿರುವಾಗ ಗಾಳಿಗೆ ರೆಕ್ಕೆ, ಬಾಲದ ಪಟ್ಟಿಗಳು ಅಲುಗಾಡದಂತೆ ಹಾಕುವ ಗಸ್ಟ್ ಲಾಕ್ ಅನ್ನು ತೆಗೆದೇ ಇರಲಿಲ್ಲ. ಅದರ ಇಬ್ಬರು ಪೈಲಟ್‌ಗಳೂ ಸಾವಿರಾರು ಗಂಟೆ ಹಾರಿದ್ದವರು. ಹಿಂದಿನ 175 ಟೇಕಾಫ್‌ಗಳಲ್ಲಿ ಶೇ. 98ರಷ್ಟು ಸಲ ಅವರು ಕಂಟ್ರೋಲ್‌ಗಳನ್ನು ಪೂರ್ತಿ ತಿರುಗಿಸಿ ಪರೀಕ್ಷಿಸಿರಲಿಲ್ಲ ಅಂತ ತನಿಖೆಯಲ್ಲಿ ಗೊತ್ತಾಯಿತು. ಆ ವರದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೇಡ ಅನ್ನೋದನ್ನೂ ಕಲಿಯಬೇಕು. ಒಮ್ಮೆ ಇಳಿಯಬೇಕಾದ ಕಡೆ ಮಂಜು ಕವಿದಿತ್ತು. ವಿಮಾನದ ಮಾಲೀಕರಿಗೆ ಮುಖ್ಯ ಮೀಟಿಂಗ್. "ಒಂದು ಸಲ ಟ್ರೈ ಮಾಡಿ" ಅಂದರು. ಕ್ಯಾಪ್ಟನ್ ದನಿ ಏರಿಸಲಿಲ್ಲ. "ಸರ್, ಪಕ್ಕದ ಏರ್‌ಪೋರ್ಟ್‌ನಲ್ಲಿ ಇಳೀತೀವಿ. ಅಲ್ಲಿಗೇ ಕಾರು ಬರೋಕೆ ಹೇಳಿದೀವಿ" ಅಂದರು. ಕಾರಿಗೆ ಹೇಳಿದ್ದು ನಾನು, ಹೊರಡುವ ಮೊದಲೇ. ಮಾಲೀಕರು ಇಳಿದವರು ನಮ್ಮತ್ತ ತಿರುಗಿಯೂ ನೋಡದೆ ಹೋದರು. ಕ್ಯಾಪ್ಟನ್ ಹಾರಾಟದ ದಾಖಲೆ ಪುಸ್ತಕವನ್ನು ನನ್ನ ಕಡೆ ತಳ್ಳಿ, "ಉಳಿದ ಇಂಧನ ಎಷ್ಟು, ಬರೀರಿ" ಅಂದರು.