ಟ್ಯಾಂಕ್ ಇಲ್ಲದ ಗೀಸರ್ ಹಾಕಿಸಬೇಕಾ? ಮೊದಲು ಒಂದು ಬಕೆಟ್ ತುಂಬಿಸಿ ನೋಡಿ

ಎಳ್ಳು ಅಮಾವಾಸ್ಯೆಯ ವಾರವೇ ನಮ್ಮ ಬಚ್ಚಲಿನ 15 ಲೀಟರ್ ಗೀಸರ್ ಕೈಕೊಟ್ಟಿತು. ವಿಜಯಪುರದಲ್ಲಿ ವರ್ಷದ ಬಹುಪಾಲು ದಿನ ಬಿಸಿನೀರು ಇಲ್ಲದಿದ್ದರೂ ಜಳಕ ನಡೆಯುತ್ತದೆ, ಆ ವಾರ ಮಾತ್ರ ನಡೆಯಲ್ಲ. ರಿಪೇರಿಗೆ ಬಂದ ಹುಡುಗ ಕೆಳಗಿನ ಮುಚ್ಚಳ ಬಿಚ್ಚಿ ಕಾಯಿಲ್ ಹೊರಗೆಳೆದ. ಕಾಯಿಲ್ ಕಾಣಲೇ ಇಲ್ಲ, ಮೈತುಂಬ ಬಿಳಿ ಸುಣ್ಣ. ಸ್ಕ್ರೂಡ್ರೈವರಿನಿಂದ ತಟ್ಟಿದರೆ ಮೊಟ್ಟೆಯ ಸಿಪ್ಪೆಯ ಹಾಗೆ ಉದುರಿತು, ಅರ್ಧ ಬೋಗುಣಿ ಆಯಿತು.

"ಬೋರಿನ ನೀರೇನ್ರೀ ಸರ?" ಅಂದ. ಹೂಂ ಅಂದೆ. "ಹಂಗಾರ ಇದನ್ನ ತಗದು ಇನ್‌ಸ್ಟಂಟ್ ಹಾಕಸ್ರಿ. ಟ್ಯಾಂಕೇ ಇಲ್ಲಂದ್ರ ಸುಣ್ಣ ಎಲ್ಲಿ ಕುಂದರತೈತಿ?"

ಮಾತು ಸರಿ ಅನಿಸಿತು. ಸರಿಯಲ್ಲ ಅಂತ ಗೊತ್ತಾಗಲು ನನಗೆ ಎರಡು ವಾರ ಹಿಡಿಯಿತು. ನಿಮಗೆ ಅಷ್ಟು ಹೊತ್ತು ಬೇಡ, ಈ ಕ್ರಮದಲ್ಲಿ ನೋಡುತ್ತಾ ಹೋಗಿ.

ಮೊದಲು: ಅಂಗಡಿಯವರು ಕೊಡುತ್ತಿರುವುದು ಏನು?

ನಮ್ಮಲ್ಲಿ ಇನ್‌ಸ್ಟಂಟ್ ಅಂತ ಮಾರುವ ಬಹುತೇಕ ಗೀಸರ್‌ಗಳಲ್ಲಿ 1 ಅಥವಾ 3 ಲೀಟರಿನ ಪುಟ್ಟ ಟ್ಯಾಂಕ್ ಇರುತ್ತದೆ. ಸಾಮಾನ್ಯವಾಗಿ 3 ಕಿಲೋವಾಟ್, ಕೆಲವು 4.5. ಟ್ಯಾಂಕೇ ಇಲ್ಲದ್ದು ಬೇಕಂದರೆ ಹೆಚ್ಚಾಗಿ ಗ್ಯಾಸ್ ಗೀಸರ್ ನೋಡಬೇಕು, ಅದರ ಕಥೆ ಬೇರೆ, ಮುಂದೆ ಬರುತ್ತದೆ. ಡಬ್ಬಿಯ ಮೇಲೆ ಲೀಟರ್ ನೋಡಬೇಡಿ, ವಾಟ್ ನೋಡಿ. ಟ್ಯಾಂಕ್ ಚಿಕ್ಕದಾದಷ್ಟೂ ಆಟ ಎಲ್ಲಾ ವಾಟಿನದೇ.

ಬಕೆಟ್ ಲೆಕ್ಕ

3 ಕಿಲೋವಾಟಿನ ಗೀಸರ್ ನಿಮಿಷಕ್ಕೆ 1 ಲೀಟರ್ ನೀರನ್ನು ಸುಮಾರು 43 ಡಿಗ್ರಿ ಏರಿಸುತ್ತದೆ. ಯಾವ ಕಂಪನಿಯದಾದರೂ ಅಷ್ಟೇ, ನೀರಿನ ಗುಣ ಬದಲಾಗಲ್ಲ. ಚಳಿಗಾಲದ ಬೆಳಿಗ್ಗೆ ಸಿಂಟೆಕ್ಸ್ ನೀರು 20 ಡಿಗ್ರಿ ಇದೆ, ಜಳಕಕ್ಕೆ 40 ಬೇಕು ಅಂದುಕೊಳ್ಳಿ. ಏರಿಸಬೇಕಾದ್ದು 20. 43ನ್ನು 20ರಿಂದ ಭಾಗಿಸಿದರೆ ನಿಮಿಷಕ್ಕೆ 2 ಲೀಟರ್ ಚಿಲ್ಲರೆ. 20 ಲೀಟರಿನ ಬಕೆಟ್ ತುಂಬಲು ಒಂಬತ್ತು ನಿಮಿಷ ದಾಟುತ್ತದೆ. ನಳ ಜೋರಾಗಿ ಬಿಟ್ಟರೆ ಬೇಗ ತುಂಬುತ್ತದೆ ನಿಜ, ಆದರೆ ಬರೀ ಉಗುರು ಬೆಚ್ಚಗಿನ ನೀರು.

ನಂಬಿಕೆ ಬರದಿದ್ದರೆ ನನ್ನ ಹಾಗೆ ಮಾಡಿ. ಪಕ್ಕದ ಮನೆಯಲ್ಲಿ ಇನ್‌ಸ್ಟಂಟ್ ಇತ್ತು, ಬೆಳಿಗ್ಗೆ ಆರಕ್ಕೆ ನನ್ನ ಬಕೆಟ್ ಒಯ್ದು, ಮೊಬೈಲಿನಲ್ಲಿ ಟೈಮ್ ಹಚ್ಚಿ, ಕೈಯಿಟ್ಟರೆ ಹದವಾಗಿರುವಷ್ಟು ನಳ ಬಿಟ್ಟು ನಿಂತೆ. ಹನ್ನೊಂದು ನಿಮಿಷ. ಅಷ್ಟರಲ್ಲಿ ಆ ಮನೆಯ ಅಜ್ಜಿ ಚಹಾ ಮಾಡಿ ತಂದುಕೊಟ್ಟು, ಇವನಿಗೇನಾಯಿತು ಅಂತ ನನ್ನ ಮುಖ ನೋಡಿ ಹೋದರು.

ಹಳೆಯ 15 ಲೀಟರಿನದು, 2 ಕಿಲೋವಾಟ್, 60 ಡಿಗ್ರಿಗೆ ಕಾಯಲು ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತದೆ. ಆದರೆ ಕಾಯುವಾಗ ನೀವು ಬಚ್ಚಲಲ್ಲಿ ನಿಂತಿರಬೇಕಿಲ್ಲ. ತಣ್ಣೀರು ಬೆರೆಸಿದರೆ ಹೆಚ್ಚುಕಡಿಮೆ ಒಂದೂವರೆ ಬಕೆಟ್ ಹದನೀರು ಒಮ್ಮೆಲೇ ಸಿಗುತ್ತದೆ. ಎಂಟು ಗಂಟೆಗೆ ಶಾಲೆ ವ್ಯಾನ್ ಬರುವ ಮನೆಯಲ್ಲಿ ಒಬ್ಬರ ಹಿಂದೆ ಒಬ್ಬರು ನಾಲ್ಕು ಜನ ಜಳಕ ಮಾಡುವುದಿದ್ದರೆ ಈ ವ್ಯತ್ಯಾಸ ಸಣ್ಣದಲ್ಲ. ಇಬ್ಬರೇ ಇರುವ ಮನೆಗೆ ಇದು ಲೆಕ್ಕಕ್ಕೇ ಬರಲ್ಲ. ಶವರ್ ಬಳಸುವವರಿಗೂ ನಿಮಿಷಕ್ಕೆ 2 ಲೀಟರ್ ಅಂದರೆ ಸಣ್ಣ ಧಾರೆ, ಮೊದಲೇ ಗೊತ್ತಿರಲಿ.

ಬಿಲ್ ಕಡಿಮೆ ಆಗುತ್ತಾ?

ಎಲ್ಲರೂ ಕೇಳುವ ಪ್ರಶ್ನೆ. ಅಮೆರಿಕದ ಇಂಧನ ಇಲಾಖೆ ದಿನಕ್ಕೆ 41 ಗ್ಯಾಲನ್, ಅಂದರೆ ಸುಮಾರು 155 ಲೀಟರ್ ಒಳಗೆ ಬಿಸಿನೀರು ಬಳಸುವ ಮನೆಗಳಿಗೆ ಟ್ಯಾಂಕ್ ಇಲ್ಲದ ಹೀಟರ್ ಶೇ 24ರಿಂದ 34ರಷ್ಟು ಹೆಚ್ಚು ದಕ್ಷ ಅನ್ನುತ್ತದೆ. ಅದು ಅಲ್ಲಿಗೆ ನಿಜ. ಅಲ್ಲಿ ದೊಡ್ಡ ಟ್ಯಾಂಕ್ ಹಗಲೂ ರಾತ್ರಿ ಬಿಸಿಯಾಗೇ ಇರುತ್ತದೆ, ಸುಮ್ನೆ ನಿಂತ ನೀರು ಆರುತ್ತದೆ, ಮತ್ತೆ ಕಾಯುತ್ತದೆ. ಉಳಿತಾಯ ಆಗುವುದು ಈ ಪೋಲಿನಲ್ಲಿ. ನಮ್ಮ ಮನೆಗಳಲ್ಲಿ? ಅರ್ಧ ಗಂಟೆ ಮೊದಲು ಸ್ವಿಚ್ ಹಾಕುತ್ತೇವೆ, ಜಳಕ ಮುಗಿಯುವ ಮೊದಲೇ ಅಡುಗೆಮನೆಯಿಂದ ಅವ್ವನ ದನಿ ಬರುತ್ತದೆ: "ಗೀಸರ್ ಬಂದ್ ಮಾಡಿದಿ ಏನೋ?" ಆ ಒಂದು ಕೂಗಿನಲ್ಲೇ ಅಮೆರಿಕದ ಉಳಿತಾಯದ ಬಹುಭಾಗ ನಮಗೆ ಮೊದಲೇ ಸಿಕ್ಕಿಬಿಟ್ಟಿದೆ.

ಒಂದು ಬಕೆಟ್ ನೀರನ್ನು 20 ಡಿಗ್ರಿ ಏರಿಸಲು ಅರ್ಧ ಯೂನಿಟ್ ಹತ್ತಿರ ಬೇಕು, ಯಾವುದರಲ್ಲಿ ಕಾಯಿಸಿದರೂ. ನಾಲ್ಕು ಜನಕ್ಕೆ ದಿನಕ್ಕೆ 2 ಯೂನಿಟ್, ತಿಂಗಳಿಗೆ 60. ಇಷ್ಟು ದಿನ ಬಂಬದಲ್ಲೋ ಹಂಡೆಯಲ್ಲೋ ಕಟ್ಟಿಗೆ ಉರಿಸುತ್ತಿದ್ದು ಈಗ ಹೊಸದಾಗಿ ಕರೆಂಟಿಗೆ ಬರುವವರು ಗೃಹಜ್ಯೋತಿಯ ಲೆಕ್ಕ ಹಾಕಿಕೊಳ್ಳಿ. ಉಚಿತ ಸಿಗುವುದು ನಿಮ್ಮ 2022-23ರ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ, ಗರಿಷ್ಠ 200 ಯೂನಿಟ್. ನಿಮ್ಮ ಮಿತಿ ದಾಟಿದರೆ ಹೆಚ್ಚಿನ ಯೂನಿಟ್‌ಗಳ ಬಿಲ್ ನಿಮ್ಮದು, 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ.

ಸುಣ್ಣ ಎಲ್ಲಿ ಕೂರುತ್ತದೆ?

ಆ ಹುಡುಗನ ಪ್ರಶ್ನೆಗೆ ಉತ್ತರ: ಕಾಯಿಲಿನ ಮೇಲೆ ಮತ್ತು ಸಣ್ಣ ಕೊಳವೆಯೊಳಗೆ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬಿಸಿಯಾದಾಗ ಗಟ್ಟಿಯಾಗಿ ಬಿಸಿ ಇರುವ ಕಡೆಯೇ ಅಂಟಿಕೊಳ್ಳುತ್ತದೆ. ದೊಡ್ಡ ಟ್ಯಾಂಕಿನಲ್ಲಿ ಉದುರಿ ತಳಕ್ಕೆ ಬೀಳಲು ಜಾಗವಾದರೂ ಇದೆ. ಇಕ್ಕಟ್ಟಾದ ದಾರಿಯಲ್ಲಿ ಅದೇ ಸುಣ್ಣ ನೀರನ್ನೇ ತಡೆಯುತ್ತದೆ. ನಿಮ್ಮ ನೀರು ಹೇಗಿದೆ ಅಂತ ತಿಳಿಯಲು ತೊಗರಿಬೇಳೆ ಸಾಕು. ಬೇಯಲು ಸತಾಯಿಸುತ್ತಾ, ಸೋಪು ನೊರೆ ಬಿಡಲ್ವಾ, ಪಾತ್ರೆಯ ಅಂಚಿಗೆ ಬಿಳಿ ಬಳೆ ಬೀಳುತ್ತಾ? ಹಾಗಾದರೆ ಗಡಸು. ಅಂಕಿ ಬೇಕಂದರೆ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನ ಗಡಸುತನಕ್ಕೆ ಭಾರತೀಯ ಮಾನಕದ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲ ಇಲ್ಲದಿದ್ದರೆ 600 ತನಕ. ಕೃಷ್ಣೆಯ ನಳದ ನೀರು ಮಾತ್ರ ಬಳಸುವವರಿಗೆ ಈ ತಲೆನೋವು ಕಡಿಮೆ.

ಬೋರ್ ನೀರಿನವರು ಯಾವ ಗೀಸರ್ ಇಟ್ಟುಕೊಂಡರೂ ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸಬೇಕು, ಟ್ಯಾಂಕ್ ಇದ್ದರೆ ಅದು ತುಕ್ಕು ಹಿಡಿಯದಂತೆ ಕಾಯುವ ಒಳಗಿನ ಮೆಗ್ನೀಸಿಯಂ ರಾಡ್ ಸವೆದಿದೆಯಾ ನೋಡಿಸಬೇಕು. ನಮ್ಮ ಕಾಯಿಲನ್ನು ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿದ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿದೆ, ಬೆಳಿಗ್ಗೆ ಹೊಸದರ ಹಾಗೆ ಹೊಳೆಯುತ್ತಿತ್ತು. ಥರ್ಮೋಸ್ಟಾಟ್ ತುದಿಗೆ ತಿರುಗಿಸಬೇಡಿ, 60ರ ಆಸುಪಾಸು ಸಾಕು. ಬಿಸಿ ಹೆಚ್ಚಿದಷ್ಟೂ ಸುಣ್ಣ ಬೇಗ ಕಟ್ಟುತ್ತದೆ.

ವೈರು, ವೋಲ್ಟೇಜು

3 ಕಿಲೋವಾಟ್ ಅಂದರೆ 13 ಆಂಪಿಯರ್, 16 ಆಂಪಿಯರ್ ಪ್ಲಗ್ ತಡೆಯುತ್ತದೆ. 4.5 ಅಂದರೆ 20 ಆಂಪಿಯರ್ ಹತ್ತಿರ, ಪ್ಲಗ್ಗಿಗೆ ಹಾಕಲೇಬೇಡಿ, ಬೋರ್ಡಿನಿಂದ ದಪ್ಪ ವೈರು, ಬೇರೆ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ಬೇಕು. ಹೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿಕೊಳ್ಳಿ. ಅರ್ಥಿಂಗ್ ಮತ್ತು 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಸ್ವಿಚ್) ಇಲ್ಲದೆ ಬಚ್ಚಲಲ್ಲಿ ಯಾವ ಗೀಸರೂ ಬೇಡ.

ವೋಲ್ಟೇಜ್ ಇಳಿದರೆ ಇನ್‌ಸ್ಟಂಟಿಗೆ ಪೆಟ್ಟು ಜಾಸ್ತಿ. 230ರ ಬದಲು 180 ಬಂದರೆ 3 ಕಿಲೋವಾಟಿನದು 1.8 ಮಾತ್ರ ಕೊಡುತ್ತದೆ, ಬಕೆಟಿಗೆ ಹದಿನೈದು ನಿಮಿಷ. ಟ್ಯಾಂಕಿನದಾದರೆ ಸ್ವಲ್ಪ ಮೊದಲೇ ಸ್ವಿಚ್ ಹಾಕಿದರಾಯಿತು.

ಗ್ಯಾಸ್ ಗೀಸರ್

ನಿಮಿಷಕ್ಕೆ 6 ಲೀಟರ್ ಕೊಡುವ ಮಾದರಿ ಸಿಗುತ್ತವೆ, ಬಕೆಟ್ ಮೂರು-ನಾಲ್ಕು ನಿಮಿಷದಲ್ಲಿ ತುಂಬುತ್ತದೆ. ಆದರೆ ನೀರಿನ ಒತ್ತಡ ಸಾಲದಿದ್ದರೆ ಅದು ಹೊತ್ತಿಕೊಳ್ಳುವುದೇ ಇಲ್ಲ. ಸಿಂಟೆಕ್ಸ್ ಬಚ್ಚಲಿನ ನೆತ್ತಿಯ ಮೇಲೇ, 3 ಮೀಟರ್ ಎತ್ತರದಲ್ಲಿದ್ದರೆ ಸಿಗುವ ಒತ್ತಡ ಸುಮಾರು 0.3 ಬಾರ್ ಅಷ್ಟೇ. ಆದಿಲ್‌ಶಾಹಿಗಳು ಕೊಳವೆಯಲ್ಲಿ ಒತ್ತಡ ಜಾಸ್ತಿಯಾಗದಿರಲಿ ಅಂತ ಊರ ತುಂಬ ಗಂಜ್ ಅನ್ನುವ ನೀರಿನ ಗೋಪುರ ಕಟ್ಟಿಸಿದರು, ನಮ್ಮ ಕಷ್ಟ ಪೂರ್ತಿ ಉಲ್ಟಾ. ಖರೀದಿಸುವ ಮೊದಲು ಡಬ್ಬಿಯ ಮೇಲಿನ ಕನಿಷ್ಠ ಒತ್ತಡ ಓದಿ.

ಮತ್ತೆ ಒಂದು ಮಾತು, ಇದರಲ್ಲಿ ರಾಜಿ ಇಲ್ಲ. ಗ್ಯಾಸ್ ಗೀಸರನ್ನು ಬಚ್ಚಲ ಒಳಗೆ ಹಾಕಿಸಬೇಡಿ. ಮುಚ್ಚಿದ ಕೋಣೆಯಲ್ಲಿ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ಹೋಗುತ್ತದೆ. ಹೊರಗಿನ ಗೋಡೆಗೆ ಹಾಕಿಸಿ ಪೈಪ್ ಒಳಗೆ ತನ್ನಿ.

ನಮ್ಮ ಮನೆಯಲ್ಲಿ ಏನಾಯಿತು ಅಂದರೆ, ಬಚ್ಚಲಿಗೆ ಅದೇ ಹಳೆಯ ಗೀಸರ್, ಕಾಯಿಲ್ ತೊಳೆದು ವಾಷರ್ ಬದಲಾಯಿಸಿ ವಾಪಸ್ ಹಾಕಿಸಿದೆ. 3 ಲೀಟರಿನ ಇನ್‌ಸ್ಟಂಟ್ ತಂದಿದ್ದು ಅಡುಗೆಮನೆಯ ಸಿಂಕಿಗೆ, ಜಿಡ್ಡಿನ ಪಾತ್ರೆ ತೊಳೆಯಲು ಅದಕ್ಕಿಂತ ಒಳ್ಳೆಯದಿಲ್ಲ. ನೀವು ಬಕೆಟ್ ಪರೀಕ್ಷೆ ಮಾಡುವುದಾದರೆ ಚಳಿಯಲ್ಲೇ ಮಾಡಿ. ಮೇ ತಿಂಗಳ ಮಧ್ಯಾಹ್ನ ನಮ್ಮ ಸಿಂಟೆಕ್ಸ್ ನೀರು ಮುಟ್ಟಿದರೆ ಕೈ ಚುರ್ ಅನ್ನುತ್ತದೆ, ಆಗ ಯಾವ ಗೀಸರ್ ತಂದರೂ ಪಾಸಾಗುತ್ತದೆ.